ಆಯಿಲ್ ಎಂಜಿನಿನ ಅಧಿಕ ಒತ್ತಡದ ಕೊಳವೆ: ಅದನ್ನು ಬದಲಾಯಿಸುವ ಕ್ರಮವೂ ವಹಿಸತಕ್ಕ ಎಚ್ಚರಿಕೆಯೂ

ನೀರೆತ್ತುವ ಕೆಲಸಕ್ಕೆ ಈಗ ವಿದ್ಯುತ್ ಪಂಪುಗಳೇ ಹೆಚ್ಚಾಗಿ ಬಳಕೆಯಲ್ಲಿದ್ದರೂ, ತಂತಿಯು ತಲಪದ ಹೊಳೆದಂಡೆಯ ಜಮೀನುಗಳಲ್ಲಿಯೂ ವಿದ್ಯುತ್ತು ನಿಂತ ವೇಳೆಯಲ್ಲಿಯೂ ರೈತನಿಗೆ ಆಸರೆಯಾಗುವುದು ಆಯಿಲ್ ಎಂಜಿನೇ. ಹೊಲವನ್ನುಳುವ ಟ್ರ್ಯಾಕ್ಟರು, ಫಸಲನ್ನು ಮಾರುಕಟ್ಟೆಗೆ ಸಾಗಿಸುವ ಲಾರಿ, ಇವುಗಳಲ್ಲಿರುವುದೂ ಅದೇ ಜಾತಿಯ ಯಂತ್ರವು. ಈ ಎಂಜಿನುಗಳಲ್ಲಿ ಫ್ಯೂಯೆಲ್ ಪಂಪಿನಿಂದ ನಾಜಲಿನವರೆಗೆ ಹೋಗುವ, ಪೆನ್ಸಿಲಿಗಿಂತಲೂ ಸಪೂರವಾದ ಒಂದು ಉಕ್ಕಿನ ಕೊಳವೆಯುಂಟು. ಇದು ಬಿರಿದರೆ ಅಥವಾ ಸೋರಿದರೆ ಯಂತ್ರವು ನಿಲ್ಲುವುದು. ಪೈರು ನೀರಿಲ್ಲದೆ ಬಾಡುವುದು. ಆತುರದಲ್ಲಿ ಅಂಗಡಿಯಿಂದ ಕೈಗೆ ಸಿಕ್ಕಿದ ಕೊಳವೆಯನ್ನು ತಂದು ಆಳುಗಳಿಂದ ಹಾಕಿಸುವ ವಾಡಿಕೆ ಹಲವೆಡೆಗಳಲ್ಲಿದೆ. ಇದರಿಂದ ಯಂತ್ರಕ್ಕೆ ಆಗುವ ಕೇಡು ಒಂದಾದರೆ, ಕೆಲಸ ಮಾಡುವವನ ಕೈಗೆ ಒದಗಬಹುದಾದ ಅಪಾಯವು ಮತ್ತೊಂದು. ಎರಡನ್ನೂ ಜಮೀನಿನ ಯಜಮಾನರು ತಿಳಿದಿರುವುದು ಅವಶ್ಯಕ.

೧. ಕೊಳವೆಯ ಕೆಲಸ

ಡೀಸೆಲ್ ಎಂಜಿನಿನಲ್ಲಿ ಬೆಂಕಿಯ ಕಿಡಿ ಇರುವುದಿಲ್ಲ. ಸಿಲಿಂಡರಿನೊಳಗಿನ ಗಾಳಿಯನ್ನು ಬಲವಾಗಿ ಅದುಮಿದಾಗ ಅದು ಅತಿಶಯವಾಗಿ ಕಾಯುವುದು. ಆ ಕಾದ ಗಾಳಿಯಲ್ಲಿ ಎಣ್ಣೆಯನ್ನು ಮಂಜಿನಂತೆ ಸಿಂಪಡಿಸಿದ ಕೂಡಲೆ ಉರಿಯುವುದು. ಜರ್ಮನಿಯ ರುಡಾಲ್ಫ್ ಡೀಸೆಲನು ೧೮೯೭ರಲ್ಲಿ ಈ ತತ್ತ್ವದ ಯಂತ್ರವನ್ನು ನಡೆಯಿಸಿ ತೋರಿಸಿದಾಗ, ಎಣ್ಣೆಯನ್ನು ಒಳನುಗ್ಗಿಸಲು ಒತ್ತಿಟ್ಟ ಗಾಳಿಯನ್ನೇ ಉಪಯೋಗಿಸಿದನು. ಅದೇ ದೇಶದ ಬಾಷ್ ಕಾರ್ಖಾನೆಯು ೧೯೨೭ರಿಂದ ಫ್ಯೂಯೆಲ್ ಪಂಪುಗಳನ್ನು ಹೆಚ್ಚು ಸಂಖ್ಯೆಯಲ್ಲಿ ತಯಾರಿಸತೊಡಗಿದ ಮೇಲೆ, ಲಾರಿ ಮತ್ತು ಟ್ರ್ಯಾಕ್ಟರುಗಳಿಗೆ ಡೀಸೆಲ್ ಎಂಜಿನು ಅನುಕೂಲವಾಯಿತು.

ನೀರೆತ್ತುವ ಎಂಜಿನುಗಳಲ್ಲಿ ನಾಜಲು ತೆರೆಯಬೇಕಾದರೆ ಎಣ್ಣೆಯ ಒತ್ತಡವು ಸಾಮಾನ್ಯವಾಗಿ ಚದರ ಸೆಂಟಿಮೀಟರಿಗೆ ಸುಮಾರು ೨೦೦ ಕಿಲೋಗ್ರಾಂ ಇರಬೇಕು. ಲಾರಿಯ ಚಕ್ರದಲ್ಲಿರುವ ಗಾಳಿಯ ಒತ್ತಡವು ಸುಮಾರು ೮ ಕಿಲೋಗ್ರಾಂ ಮಾತ್ರ. ಇದರಿಂದ ಈ ಸಣ್ಣ ಕೊಳವೆಯು ಎಂತಹ ಬಲವನ್ನು ತಡೆಯುತ್ತಿದೆಯೆಂಬುದನ್ನು ಊಹಿಸಬಹುದು.

೨. ಹೊಸ ಕೊಳವೆಯ ಆಯ್ಕೆ

ಕಾರ್ಖಾನೆಯ ಕೊಳವೆಯೇ ಆಗಬೇಕೆಂಬ ನಿರ್ಬಂಧವಿಲ್ಲ. ಪೇಟೆಯಲ್ಲಿ ದೊರೆಯುವ ಇತರರ ತಯಾರಿಕೆಯೂ ಆಗಬಹುದು. ಆದರೆ ಹಳೆಯ ಕೊಳವೆಯನ್ನು ಅಂಗಡಿಗೆ ಕೊಂಡೊಯ್ದು ಈ ಕೆಳಗಿನ ಅಂಶಗಳನ್ನು ಹೋಲಿಸಿ ನೋಡಿಯೇ ಕೊಳ್ಳತಕ್ಕದ್ದು.

(ಅ) ಲೋಹ: ಜೋಡಣೆಯ ಗೆರೆಯಿಲ್ಲದ, ದಪ್ಪ ಗೋಡೆಯ ಉಕ್ಕಿನ ಕೊಳವೆಯಾಗಿರಬೇಕು. ಹೊರವ್ಯಾಸವು ೬ ಮಿಲಿಮೀಟರು, ಒಳರಂಧ್ರವು ಸುಮಾರು ೨ ಮಿಲಿಮೀಟರು ಇರುವ ಕೊಳವೆಗಳು ಹೆಚ್ಚಾಗಿ ಬಳಕೆಯಲ್ಲಿವೆ. ತಾಮ್ರದ ಕೊಳವೆಯನ್ನಾಗಲಿ, ಟ್ಯಾಂಕಿನಿಂದ ಎಣ್ಣೆ ಬರುವ ರಬ್ಬರು ಕೊಳವೆಯನ್ನಾಗಲಿ ಇಲ್ಲಿ ಎಂದಿಗೂ ಉಪಯೋಗಿಸಕೂಡದು. ಬಿರಿದ ಕೊಳವೆಗೆ ಬೆಸುಗೆ ಹಾಕಿಸುವುದೂ ತಪ್ಪು. ಬೆಸುಗೆಯ ಚೂರು ಒಳಕ್ಕಿಳಿದರೆ ನಾಜಲು ಕೆಡುವುದು; ಬೆಸುಗೆಯು ಬಿಟ್ಟರೆ ಅಪಾಯವು ತಪ್ಪದು.

(ಆ) ರಂಧ್ರ ಮತ್ತು ಉದ್ದ: ಇವೆರಡೂ ಹಳೆಯದಕ್ಕೆ ಸಮನಾಗಿರಬೇಕು. ಕಾರಣವೇನೆಂದರೆ, ಪಂಪಿನ ಒತ್ತಡವು ಎಣ್ಣೆಯೊಳಗೆ ಸೆಕೆಂಡಿಗೆ ಸುಮಾರು ೧,೪೦೦ ಮೀಟರಿನ ವೇಗದಲ್ಲಿ ಅಲೆಯಾಗಿ ಸಾಗುತ್ತದೆ. ಕೊಳವೆಯು ಅರ್ಧ ಮೀಟರು ಹೆಚ್ಚಾದರೆ, ನಿಮಿಷಕ್ಕೆ ೧,೫೦೦ ಸುತ್ತು ತಿರುಗುವ ಎಂಜಿನಿನಲ್ಲಿ ಅಲೆಯು ನಾಜಲನ್ನು ಸೇರುವಷ್ಟರಲ್ಲಿ ಕ್ರ್ಯಾಂಕು ಮೂರು ಡಿಗ್ರಿಗೂ ಮಿಗಿಲಾಗಿ ಮುಂದೆ ತಿರುಗಿರುವುದು. ಎಣ್ಣೆಯು ತಡವಾಗಿ ಬೀಳುವುದರಿಂದ ಹೊಗೆ ಹೆಚ್ಚಿ ಬಲ ಕುಂದುವುದು. ಮೂರು ನಾಲ್ಕು ಸಿಲಿಂಡರುಗಳ ಟ್ರ್ಯಾಕ್ಟರಿನಲ್ಲಿ ಕೊಳವೆಗಳನ್ನು ಸಮನಾದ ಉದ್ದದಲ್ಲಿಟ್ಟು, ಹತ್ತಿರದ ಸಿಲಿಂಡರಿನದನ್ನು ಬಳಸಿ ಬಾಗಿಸಿರುವುದು ಇದಕ್ಕಾಗಿಯೇ. ಆ ಬಳಸು ನಿರರ್ಥಕವೆಂದು ಭಾವಿಸಿ ಕತ್ತರಿಸಿ ನೇರಮಾಡಕೂಡದು.

(ಇ) ತುದಿ ಮತ್ತು ನಟ್ಟು: ತುದಿಯ ಶಂಕುವಿನಾಕಾರವೂ ನಟ್ಟಿನ ಮರೆಯೂ ಹಳೆಯದನ್ನೇ ಹೋಲಬೇಕು.

೩. ಜೋಡಿಸುವ ಕ್ರಮ

ಎಂಜಿನನ್ನು ನಿಲ್ಲಿಸಿ ತಣ್ಣಗಾಗಲು ಬಿಡಬೇಕು. ಟ್ಯಾಂಕಿನ ನಲ್ಲಿಯನ್ನು ಮುಚ್ಚಿ, ಪಂಪು ನಾಜಲುಗಳ ಸುತ್ತಣ ಧೂಳನ್ನು ಕುಂಚದಿಂದಲೂ ಶುದ್ಧ ಡೀಸೆಲಿನಿಂದಲೂ ತೊಳೆಯಬೇಕು. ಕಣ್ಣಿಗೆ ಕಾಣದ ಧೂಳಿನ ಕಣವೂ ನಾಜಲಿನ ಸೂಕ್ಷ್ಮ ರಂಧ್ರವನ್ನು ಕೆಡಿಸಬಲ್ಲದು. ಆದಕಾರಣ ಬಯಲು ಗಾಳಿಯಲ್ಲಿ ಈ ಕೆಲಸವನ್ನು ಮಾಡದಿರುವುದು ಲೇಸು. ಒರೆಸುವುದಕ್ಕೆ ಹತ್ತಿಯ ಎಳೆ ಬಿಡುವ ಬಟ್ಟೆಯು ಸಲ್ಲದು.

ನಟ್ಟು ಬಿಚ್ಚುವಾಗ ಒಂದು ಸ್ಪ್ಯಾನರಿನಿಂದ ಪಂಪಿನ ಮೇಲಿನ ಹಿಡಿಕೆಯನ್ನು ತಿರುಗದಂತೆ ಹಿಡಿದು, ಮತ್ತೊಂದರಿಂದ ನಟ್ಟನ್ನು ಸಡಿಲಿಸಬೇಕು. ತೆರೆದ ಬಾಯಿಗಳನ್ನು ಒಡನೆಯೇ ಶುಚಿಯಾದ ಮುಚ್ಚಳಗಳಿಂದ ಮುಚ್ಚಬೇಕು. ಹೊಸ ಕೊಳವೆಯೊಳಗೆ ಶುದ್ಧ ಡೀಸೆಲನ್ನು ಹರಿಯಿಸಿ ತೊಳೆದು, ಎರಡು ತುದಿಗಳನ್ನೂ ಬಲವಂತವಿಲ್ಲದೆ ತಮ್ಮ ಸ್ಥಾನದಲ್ಲಿ ಕೂರಿಸಿ, ನಟ್ಟುಗಳನ್ನು ಮೊದಲು ಬೆರಳಿನಿಂದಲೇ ತಿರುಗಿಸಬೇಕು. ತರುವಾಯ ಸ್ಪ್ಯಾನರಿನಿಂದ ಒಂದಾದ ಮೇಲೊಂದರಂತೆ ಬಿಗಿಯಬೇಕು. ಅತಿಯಾಗಿ ಬಿಗಿದರೆ ಶಂಕು ನಜ್ಜಾಗಿ ರಂಧ್ರವು ಕಿರಿದಾಗುವುದು. ಕೊನೆಗೆ ಹಿಡಿಪಟ್ಟಿಗಳನ್ನು ಮರೆಯದೆ ಹಾಕತಕ್ಕದ್ದು. ಅವಿಲ್ಲದ ಕೊಳವೆಯು ಅದುರಿ ಅದುರಿ ಕೆಲವು ಕಾಲದಲ್ಲಿಯೇ ಬಿರಿಯುವುದು.

೪. ಗಾಳಿಯನ್ನು ಹೊರಡಿಸುವುದು

ಹೊಸ ಕೊಳವೆ ಹಾಕಿದ ಮೇಲೆ ಎಂಜಿನು ಹೊರಡದಿದ್ದರೆ ಮೇಸ್ತ್ರಿಗಳು ‘ಏರ್ ಹಿಡಿದಿದೆ’ ಎನ್ನುವರು. ೨೦೦ ಕಿಲೋಗ್ರಾಂ ಒತ್ತಡದಲ್ಲಿ ಡೀಸೆಲು ಕುಗ್ಗುವುದು ನೂರಕ್ಕೆ ಒಂದು ಪಾಲಿಗಿಂತ ಸ್ವಲ್ಪ ಹೆಚ್ಚು ಮಾತ್ರ. ಗಾಳಿಯಾದರೋ ತನ್ನ ಗಾತ್ರದ ಇನ್ನೂರರಲ್ಲಿ ಒಂದು ಪಾಲಿನಷ್ಟಕ್ಕೆ ಕುಗ್ಗುವುದು. ಪಂಪಿನ ಒತ್ತೆಲ್ಲವೂ ಗಾಳಿಯನ್ನು ಕುಗ್ಗಿಸುವುದರಲ್ಲಿಯೇ ಮುಗಿದು, ನಾಜಲು ತೆರೆಯುವುದಿಲ್ಲ.

ಇದಕ್ಕೆ ಮೊದಲು ಫಿಲ್ಟರಿನ ಸ್ಕ್ರೂ, ಬಳಿಕ ಪಂಪಿನ ಸ್ಕ್ರೂ, ಹೀಗೆ ಅನುಕ್ರಮವಾಗಿ ಸಡಿಲಿಸಿ, ಗುಳ್ಳೆಗಳಿಲ್ಲದ ಎಣ್ಣೆ ಬರುವವರೆಗೂ ಹರಿಯಿಸಿ ಮುಚ್ಚಬೇಕು. ಅನಂತರ ನಾಜಲಿನ ಬಳಿಯ ನಟ್ಟನ್ನು ಅರ್ಧ ಸುತ್ತು ಸಡಿಲಿಸಿ, ಅದರ ಮೇಲೆ ಬಟ್ಟೆಯನ್ನು ಹೊದಿಸಿ, ಡಿಕಂಪ್ರೆಷನ್ ಲಿವರನ್ನು ಎತ್ತಿ ಎಂಜಿನನ್ನು ಕೈಯಿಂದ ತಿರುಗಿಸಬೇಕು. ಎಣ್ಣೆಯು ಗುಳ್ಳೆಯಿಲ್ಲದೆ ಬಂದೊಡನೆ ತಿರುಗಿಸುವುದನ್ನು ನಿಲ್ಲಿಸಿ, ನಟ್ಟನ್ನು ಬಿಗಿಯಬೇಕು.

ಮೇಲ್ಕಂಡ ಕ್ರಮವು ಹಳೆಯ ರೀತಿಯ ಪಂಪುಗಳಿಗೆ ಮಾತ್ರ ಅನ್ವಯಿಸುತ್ತದೆ. ೨೦೨೩ರ ಜನವರಿಯಿಂದ ಜಾರಿಗೆ ಬಂದ ಹೊಗೆಯ ನಿಯಮಗಳ ಪ್ರಕಾರ ತಯಾರಾದ, ೫೦ ಅಶ್ವಶಕ್ತಿಗೆ ಮೇಲ್ಪಟ್ಟ ಟ್ರ್ಯಾಕ್ಟರುಗಳಲ್ಲಿ ಸಾಮಾನ್ಯವಾಗಿ ಕಾಮನ್ ರೇಲ್ ಎಂಬ ವ್ಯವಸ್ಥೆಯಿರುತ್ತದೆ. ಅದರಲ್ಲಿ ಒತ್ತಡವು ಸಾವಿರ ಕಿಲೋಗ್ರಾಮನ್ನೂ ಮೀರಬಲ್ಲದು. ಅಂತಹ ಯಂತ್ರದ ಕೊಳವೆಯನ್ನು ಊರಿನಲ್ಲಿ ಬಿಚ್ಚಕೂಡದು. ತರಬೇತಾದ ಮೇಸ್ತ್ರಿಯಿಂದಲೇ ಮಾಡಿಸತಕ್ಕದ್ದು.

೫. ಕೈಗೆ ಒದಗುವ ಅಪಾಯ

ಎಂಜಿನು ನಡೆಯುತ್ತಿರುವಾಗ ಸೋರಿಕೆಯನ್ನು ಬೆರಳಿನಿಂದ ತಡವಿ ನೋಡುವ ಅಭ್ಯಾಸವು ಅತ್ಯಂತ ಅಪಾಯಕರ. ಕೂದಲೆಳೆಯಂತಹ ಬಿರುಕಿನಿಂದ ಚಿಮ್ಮುವ ಎಣ್ಣೆಯು ಕಣ್ಣಿಗೆ ಕಾಣದು. ಆದರೆ ಚರ್ಮವನ್ನು ಭೇದಿಸಿ ಒಳಹೊಕ್ಕು ನರ ಮಾಂಸಗಳ ನಡುವೆ ಹರಡುವುದು. ಹೊರಗೆ ಸೂಜಿ ಚುಚ್ಚಿದಷ್ಟೇ ಗುರುತು. ಮೊದಲು ನೋವೂ ಹೆಚ್ಚಿರುವುದಿಲ್ಲ. ಕೆಲವು ಗಂಟೆಗಳಲ್ಲಿ ಕೈ ಬಾತು ಒಳಮಾಂಸವು ಸಾಯತೊಡಗುವುದು. ತಡವಾದರೆ ಬೆರಳನ್ನೋ ಕೈಯನ್ನೋ ಕತ್ತರಿಸಬೇಕಾದೀತು.

ಸೋರಿಕೆಯನ್ನು ನೋಡಬೇಕಾದರೆ ಉದ್ದವಾದ ಕೋಲಿನ ತುದಿಗೆ ರಟ್ಟಿನ ತುಂಡನ್ನು ಸಿಕ್ಕಿಸಿ ಕೊಳವೆಯ ಬಳಿ ಹಿಡಿಯಬೇಕು. ರಟ್ಟು ತೊಯ್ದ ಕಡೆಯೇ ಸೋರಿಕೆಯಿರುವುದು. ಎಂಜಿನನ್ನು ನಿಲ್ಲಿಸಿದ ಮೇಲೆಯೇ ನಟ್ಟನ್ನು ಬಿಗಿಯಬೇಕು.

ಹೀಗೆ ಎಣ್ಣೆಯು ಮೈಗೆ ಹೊಕ್ಕರೆ, ಗಾಯವು ಸಣ್ಣದೆಂದು ಅರಿಸಿನ ಹಚ್ಚಿ ಕಾಯುವುದಾಗಲಿ, ಹಿಸುಕುವುದಾಗಲಿ, ಶಾಖ ಕೊಡುವುದಾಗಲಿ ಕೂಡದು. ಶಸ್ತ್ರಚಿಕಿತ್ಸೆಯ ಅನುಕೂಲವಿರುವ ಆಸ್ಪತ್ರೆಗೆ ಆ ಕ್ಷಣವೇ ಸಾಗಿಸಬೇಕು. ೧೦೮ಕ್ಕೆ ಕರೆಮಾಡಿ ವಾಹನವನ್ನು ತರಿಸಬಹುದು. ಒಳಹೊಕ್ಕಿದ್ದು ಡೀಸೆಲೆಂಬುದನ್ನೂ ಅಧಿಕ ಒತ್ತಡದಿಂದ ಹೊಕ್ಕಿತೆಂಬುದನ್ನೂ, ಆದ ವೇಳೆಯನ್ನೂ ವೈದ್ಯರಿಗೆ ಸ್ಪಷ್ಟವಾಗಿ ತಿಳಿಸಬೇಕು. ಇಲ್ಲವಾದರೆ ಮುಳ್ಳು ಚುಚ್ಚಿದ ಗಾಯವೆಂದು ಎಣಿಸಿ ಕಳುಹಿಸಿಬಿಡುವ ಸಂಭವವುಂಟು.

ಎಂಜಿನಿನ ಬಳಿ ನಿಲ್ಲುವವನು ಹೆಚ್ಚಾಗಿ ಸಂಬಳದ ಆಳು. ಅವನ ದುಡಿಮೆಯೆಲ್ಲವೂ ಅವನ ಕೈಯಲ್ಲಿಯೇ ಇದೆ. ಊರಿನ ಹಿರಿಯರೂ ಜಮೀನುದಾರರೂ ಇದನ್ನು ಮನಸ್ಸಿನಲ್ಲಿಟ್ಟು, ಸರಿಯಾದ ಅಳತೆಯ ಒಂದು ಕೊಳವೆಯನ್ನು ಮುಂಗಡವಾಗಿಯೇ ತಂದಿರಿಸುವುದು ಉಚಿತ. ರಟ್ಟು ಕಟ್ಟಿದ ಕೋಲೊಂದನ್ನು ಪಂಪುಮನೆಯ ಗೋಡೆಗೆ ಒರಗಿಸಿಟ್ಟು, ಅದನ್ನು ಉಪಯೋಗಿಸುವ ರೀತಿಯನ್ನು ಆಳುಗಳಿಗೆ ತೋರಿಸಿಕೊಡಬೇಕೆಂದು ಕೋರಲಾಗಿದೆ.