ಮಾಪನ ಉಪಕರಣಗಳ ಸ್ಥಿರ ಗುಣಲಕ್ಷಣಗಳು: ಅಂಗನವಾಡಿಯ ತಕ್ಕಡಿಯೊಂದರ ಪರೀಕ್ಷೆ

ಅಧ್ಯಯನ ಲೇಖನ – ಪಂಚಾಯತಿ ಅಭಿವೃದ್ಧಿ ಅಧಿಕಾರಿಯೊಬ್ಬರಿಂದ

ಗ್ರಾಮ ಪಂಚಾಯತಿಯಲ್ಲಿ ನಾವು ಸಹಿ ಮಾಡುವ ಅನೇಕ ವರದಿಗಳು ಯಾವುದಾದರೊಂದು ಉಪಕರಣದ ರೀಡಿಂಗಿನಿಂದಲೇ ಆರಂಭವಾಗುತ್ತವೆ. ಪಂಪ್‌ಹೌಸಿನ ಒತ್ತಡ ಮಾಪಕ, ನಳದ ಮೀಟರು, ಮಳೆಮಾಪಕ, ಅಂಗನವಾಡಿಯ ತಕ್ಕಡಿ ಇವು ತೋರಿಸಿದ ಅಂಕಿಯನ್ನು ವಹಿಗೆ ಇಳಿಸುತ್ತೇವೆ. ವಹಿಯಿಂದ ಅದು ತಾಲ್ಲೂಕಿಗೂ ಜಿಲ್ಲೆಗೂ ಸಾಗುತ್ತದೆ. ವರದಿಯ ಅಂಕಿಯನ್ನು ಪರಿಶೀಲನಾ ಸಭೆಯಲ್ಲಿ ಪ್ರಶ್ನಿಸುವವರು ಉಂಟು; ಅದನ್ನು ಕೊಟ್ಟ ಉಪಕರಣವನ್ನು ಪ್ರಶ್ನಿಸುವವರು ವಿರಳ. ನಾನೂ ಬಹುಕಾಲ ಪ್ರಶ್ನಿಸಿರಲಿಲ್ಲ ಎಂಬುದನ್ನು ಒಪ್ಪಿಕೊಂಡೇ ಈ ಲೇಖನವನ್ನು ಬರೆಯುತ್ತಿದ್ದೇನೆ.

ಅಳೆಯಬೇಕಾದ ಪರಿಮಾಣವು ಬದಲಾಗದೆ ನಿಂತಿರುವಾಗ, ಅಥವಾ ಅತಿ ನಿಧಾನವಾಗಿ ಬದಲಾಗುತ್ತಿರುವಾಗ, ಉಪಕರಣವು ಹೇಗೆ ವರ್ತಿಸುತ್ತದೆ ಎಂಬುದನ್ನು ತಿಳಿಸುವ ಗುಣಗಳಿಗೆ ಸ್ಥಿರ ಗುಣಲಕ್ಷಣಗಳೆಂದು ಹೆಸರು. ಜೋಲಿಯಲ್ಲಿ ಕೂತ ಮಗು ಕೈಕಾಲು ಬಡಿಯುತ್ತ ಅಳುವಾಗ ಮುಳ್ಳು ಓಲಾಡುವುದು ಚಲನ ಗುಣಲಕ್ಷಣಗಳ ವಿಷಯ. ಅದು ಇಲ್ಲಿ ಪ್ರಸ್ತುತವಲ್ಲ. ಮಗು ಸುಮ್ಮನಾಗಿ ಮುಳ್ಳು ನಿಂತ ಮೇಲೆ, ಅದು ನಿಂತ ಜಾಗ ಸರಿಯೇ ಎಂಬುದಷ್ಟೇ ನಮ್ಮ ಪ್ರಶ್ನೆ.

ನನ್ನ ವ್ಯಾಪ್ತಿಯ ಒಂದು ಅಂಗನವಾಡಿ ಕೇಂದ್ರದಲ್ಲಿ ಡಿಜಿಟಲ್ ತಕ್ಕಡಿಯ ಬ್ಯಾಟರಿ ಮುಗಿದು, ಹಳೆಯ ತೂಗುಹಾಕುವ ಸ್ಪ್ರಿಂಗ್ ತಕ್ಕಡಿಯೇ ಬಳಕೆಯಲ್ಲಿತ್ತು. ಅದರ ವ್ಯಾಪ್ತಿ 0ಯಿಂದ 25 ಕೆ.ಜಿ.; ಒಂದೊಂದು ಗೆರೆಗೆ 100 ಗ್ರಾಂ. ಒಂದು ವರ್ಷದ ಹೆಣ್ಣು ಮಗುವೊಂದು 7.2 ಕೆ.ಜಿ. ತೂಗಿತು. ವಿಶ್ವ ಆರೋಗ್ಯ ಸಂಸ್ಥೆಯ ಬೆಳವಣಿಗೆ ಮಾನದಂಡದಂತೆ ಆ ವಯಸ್ಸಿನ ಹೆಣ್ಣು ಮಗುವಿನ ಮಧ್ಯಮ ತೂಕ 8.9 ಕೆ.ಜಿ.; 7.0 ಕೆ.ಜಿ.ಗಿಂತ ಕಡಿಮೆಯಿದ್ದರೆ ಕಡಿಮೆ ತೂಕದ ಮಗು, 6.3 ಕೆ.ಜಿ.ಗಿಂತ ಕಡಿಮೆಯಿದ್ದರೆ ತೀವ್ರ ಕಡಿಮೆ ತೂಕದ ಮಗು. ಆದುದರಿಂದ ವಹಿಯಲ್ಲಿ "ಸಾಮಾನ್ಯ" ಎಂದು ದಾಖಲಾಯಿತು. ಮಗುವಿನ ಅಜ್ಜಿ ಮಾತ್ರ, "ಸಾರ್, ಎತ್ತಿಕೊಂಡರೆ ಹೂವಿನಂಗೆ ಐತೆ, ನಿಮ್ಮ ಮುಳ್ಳು ಏನಾದ್ರೂ ಹೇಳ್ಲಿ" ಎಂದರು. ಆ ಮಾತು ನನ್ನನ್ನು ಕಾಲೇಜಿನ ಪ್ರಯೋಗಾಲಯಕ್ಕೆ ಮರಳಿ ಕರೆದೊಯ್ದಿತು.

ಪರೀಕ್ಷೆಗೆ ಬೇಕಾದುದು ನಂಬಬಹುದಾದ ತೂಕ. ಕಾನೂನು ಮಾಪನಶಾಸ್ತ್ರ ಇಲಾಖೆಯ ಮುದ್ರೆಯಿರುವ 1 ಮತ್ತು 2 ಕೆ.ಜಿ.ಯ ಬಟ್ಟುಗಳನ್ನು ಊರಿನ ದಿನಸಿ ಅಂಗಡಿಯಿಂದ ತರಿಸಿದೆವು. ಖಾಲಿ ಜೋಲಿಯಿಂದ ಆರಂಭಿಸಿ, ನಡುವೆ ಯಾವ ಬಟ್ಟನ್ನೂ ತೆಗೆಯದೆ, 2, 5, 7, 10 ಕೆ.ಜಿ. ಎಂದು ಏರಿಸುತ್ತ ಹೋದಾಗ ಬಂದ ರೀಡಿಂಗುಗಳು ಇವು: ಖಾಲಿ ಇದ್ದಾಗ 0.2, ಬಳಿಕ ಕ್ರಮವಾಗಿ 2.2, 5.3, 7.3, 10.4. ಅದೇ ಹಾದಿಯಲ್ಲಿ ಇಳಿಸುತ್ತ ಬಂದಾಗ 7ಕ್ಕೆ 7.4, 5ಕ್ಕೆ 5.4, 2ಕ್ಕೆ 2.4, ಖಾಲಿಗೆ 0.3.

ಈ ಕೆಲವೇ ಅಂಕಿಗಳಲ್ಲಿ ಪಠ್ಯಪುಸ್ತಕದ ಒಂದು ಅಧ್ಯಾಯವೇ ಅಡಗಿದೆ. ಖಾಲಿ ಇದ್ದಾಗ ತೋರಿದ 0.2 ಕೆ.ಜಿ. ಶೂನ್ಯ ದೋಷ. ಮೂಲ ಜೋಲಿ ಹರಿದಾಗ ದಪ್ಪ ಬಟ್ಟೆಯ ಹೊಸ ಜೋಲಿ ಹೊಲಿಸಿದ್ದರು. ಶೂನ್ಯದ ತಿರುಪನ್ನು ಮತ್ತೆ ಹೊಂದಿಸಿರಲಿಲ್ಲ. ಈ ದೋಷ ಎಲ್ಲ ತೂಕಗಳಿಗೂ ಸಮನಾಗಿ ಸೇರುತ್ತದೆ. ಆದರೆ 10 ಕೆ.ಜಿ.ಗೆ ಬಂದ ಹೆಚ್ಚಳ 0.2 ಅಲ್ಲ, 0.4. ಅಂದರೆ ತೂಕ ಏರಿದಂತೆ ದೋಷವೂ ಏರುತ್ತಿದೆ. ಇದು ಸಂವೇದನೆಯ ದೋಷ: ಒಂದು ಕೆ.ಜಿ.ಗೆ ಮುಳ್ಳು ಎಷ್ಟು ಸರಿಯಬೇಕೋ ಅದಕ್ಕಿಂತ ಶೇ. 2ರಷ್ಟು ಹೆಚ್ಚು ಸರಿಯುತ್ತಿದೆ. ಸ್ಪ್ರಿಂಗ್ ಸಡಿಲಗೊಂಡರೆ ಅದೇ ತೂಕಕ್ಕೆ ಹೆಚ್ಚು ಹಿಗ್ಗುವುದು ಸಹಜ. ತಿರುಪು ತಿರುಗಿಸಿದರೆ ಮೊದಲನೆಯ ದೋಷ ಹೋಗುತ್ತದೆ, ಎರಡನೆಯದು ಹೋಗುವುದಿಲ್ಲ.

ಏರುವಾಗ ಒಂದು, ಇಳಿಯುವಾಗ ಇನ್ನೊಂದು ರೀಡಿಂಗ್ ಬರುವ ಗುಣಕ್ಕೆ ಹಿಸ್ಟರಿಸಿಸ್ ಎನ್ನುತ್ತಾರೆ. ಇಲ್ಲಿ ಅದರ ಗರಿಷ್ಠ ಪ್ರಮಾಣ 2 ಕೆ.ಜಿ.ಯಲ್ಲಿ ಕಂಡ 0.2 ಕೆ.ಜಿ. ತಕ್ಕಡಿಯ ಡಬ್ಬಿಯನ್ನು ಬೆರಳಿನಿಂದ ಮೆಲ್ಲಗೆ ತಟ್ಟಿದಾಗ ಮುಳ್ಳು 0.3ರಿಂದ 0.2ಕ್ಕೆ ಇಳಿಯಿತು, ಒಳಗಿನ ಘರ್ಷಣೆಯೇ ಕಾರಣವೆಂದು ಅದರಿಂದ ತಿಳಿಯಿತು.

ಬಳಿಕ 5 ಕೆ.ಜಿ.ಯನ್ನು ಐದು ಬಾರಿ ತೂಗಿದೆವು. ಐದೂ ಬಾರಿ 5.3. ಅಂಗನವಾಡಿ ಕಾರ್ಯಕರ್ತೆಯವರು, "ನೋಡಿ ಸಾರ್, ತಕ್ಕಡಿ ಸರಿಯಾಗಿಯೇ ಇದೆ, ಒಂದೇ ತೋರಿಸುತ್ತದೆ" ಎಂದರು. ನಾವೆಲ್ಲರೂ ಎಡವುವುದು ಇಲ್ಲಿಯೇ. ಮತ್ತೆ ಮತ್ತೆ ಒಂದೇ ಅಂಕಿ ಕೊಡುವುದು ಪುನರಾವರ್ತನೀಯತೆ. ನಿಜವಾದ ಬೆಲೆಗೆ ಹತ್ತಿರವಿರುವುದು ನಿಖರತೆ. ಮೊದಲನೆಯದು ಇದ್ದ ಮಾತ್ರಕ್ಕೆ ಎರಡನೆಯದು ಇದೆ ಎಂದಾಗುವುದಿಲ್ಲ. ಮೂರು ಬಾರಿ ತೂಗಿ ಸರಾಸರಿ ತೆಗೆದರೂ ಈ ತಕ್ಕಡಿಯ ತಪ್ಪು ಹಾಗೆಯೇ ಉಳಿಯುತ್ತದೆ.

ರೀಡಿಂಗಿನಿಂದ 0.2 ಕಳೆದು 1.02ರಿಂದ ಭಾಗಿಸಿದರೆ ನಿಜವಾದ ತೂಕ ಸಿಗುತ್ತದೆ. ಆ ಮಗುವಿನ 7.2 ಕೆ.ಜಿ.ಯನ್ನು ಹೀಗೆ ತಿದ್ದಿದಾಗ ಬಂದದ್ದು 6.9.

ಗೆರೆಗಳ ಸೂಕ್ಷ್ಮತೆಯ ಬಗ್ಗೆಯೂ ಒಂದು ಮಾತು ಅಗತ್ಯ. ಈ ವಯಸ್ಸಿನ ಮಗು ತಿಂಗಳಿಗೆ ಸುಮಾರು 200ರಿಂದ 300 ಗ್ರಾಂ ಬೆಳೆಯಬೇಕು. 100 ಗ್ರಾಂ ಗೆರೆಯ ತಕ್ಕಡಿಯಲ್ಲಿ ಅದು ಎರಡು ಮೂರು ಗೆರೆ; 500 ಗ್ರಾಂ ಗೆರೆಯ ತಕ್ಕಡಿಯಲ್ಲಿ ಕಾಣುವುದೇ ಇಲ್ಲ. ಡಿಜಿಟಲ್ ತಕ್ಕಡಿ 10 ಗ್ರಾಂವರೆಗೆ ಅಂಕಿ ತೋರಿಸಿದರೆ ಅದು 10 ಗ್ರಾಂವರೆಗೆ ನಿಖರ ಎಂದೂ ಭಾವಿಸತಕ್ಕದ್ದಲ್ಲ.

ನೀರು ಸರಬರಾಜಿನಲ್ಲೂ ಇದೇ ಕಥೆ. 0ಯಿಂದ 10 ಕೆ.ಜಿ./ಚ.ಸೆಂ.ಮೀ. ವ್ಯಾಪ್ತಿಯ ಒತ್ತಡ ಮಾಪಕಕ್ಕೆ ಪೂರ್ಣ ವ್ಯಾಪ್ತಿಯ ಶೇ. 2ರ ದೋಷವಿದ್ದರೆ ಅದು 0.2 ಕೆ.ಜಿ., ಅಂದರೆ ಸುಮಾರು ಎರಡು ಮೀಟರ್ ನೀರಿನ ಎತ್ತರ. 1 ಕೆ.ಜಿ. ಒತ್ತಡದ ಕೊಳವೆಗೆ ಅಂಥ ಮಾಪಕ ಹಾಕಿದರೆ ರೀಡಿಂಗಿನ ಐದನೆಯ ಒಂದು ಭಾಗವೇ ಸಂಶಯಾಸ್ಪದ. ಯಂತ್ರಚಾಲಿತ ಮನೆ ಮೀಟರುಗಳಿಗೆ ಒಂದು ಕನಿಷ್ಠ ಹರಿವಿನ ಮಿತಿಯಿದೆ. ಅದಕ್ಕಿಂತ ಕಡಿಮೆ ಹರಿಯುವ ತೊಟ್ಟಿಕ್ಕುವ ನಳಕ್ಕೆ ಮುಳ್ಳು ತಿರುಗುವುದಿಲ್ಲ. ನೀರುಗಂಟಿಯವರು "ಸೋರಿಕೆಯಿದೆ" ಎಂದಾಗ ಮೀಟರನ್ನೇ ಸಾಕ್ಷಿಯಾಗಿ ಹಿಡಿದು ಅವರನ್ನು ಗದರಿಸಬಾರದು.

ಆ ಕೇಂದ್ರದ ಎಲ್ಲ ಮಕ್ಕಳನ್ನೂ ಬೇರೆ ತಕ್ಕಡಿಯಲ್ಲಿ ಮತ್ತೆ ತೂಗಿಸಲಾಯಿತು. ಹೆಣ್ಣು ಮಗು ಅಲ್ಲಿಯೂ 6.9 ಕೆ.ಜಿ. ಬಂದಿತು, ಅದರ ಹೆಸರು ಕಡಿಮೆ ತೂಕದ ಮಕ್ಕಳ ಪಟ್ಟಿಗೆ ಸೇರಿತು. ಹಳೆಯ ತಕ್ಕಡಿಯನ್ನು ಬಳಕೆಯಿಂದ ತೆಗೆದು, ತೂಕದ ವಹಿಯ ಕೊನೆಯ ಪುಟದಲ್ಲಿ ಪ್ರತಿ ತಿಂಗಳು ಖಾಲಿ, 5 ಮತ್ತು 10 ಕೆ.ಜಿ.ಯ ರೀಡಿಂಗ್ ಬರೆದಿಡುವ ಪದ್ಧತಿಯನ್ನು ಆರಂಭಿಸಿದ್ದೇವೆ. ಹಿಂದಿನ ತಿಂಗಳುಗಳ ಅಂಕಿಗಳನ್ನು ಮಾತ್ರ ತಿದ್ದಲಾಗಲಿಲ್ಲ. ಜೋಲಿ ಬದಲಾದ ದಿನವನ್ನು ಯಾರೂ ಬರೆದಿಟ್ಟಿರಲಿಲ್ಲ.