ಕೋಡಿ ನೀರಿನ ದಾರಿ

ಚಂಡಮಾರುತವೆಂದರೆ ಕಡಲ ತೀರದವರ ಕಷ್ಟ ಎನ್ನುವವರುಂಟು. ಆದರೆ 2024ರಲ್ಲಿ ಪುದುಚೇರಿಯ ಬಳಿ ದಡ ಸೇರಿದ ಫೆಂಗಲ್ ಚಂಡಮಾರುತ, ನಮ್ಮದೇ ಕೃಷ್ಣಗಿರಿ ಜಿಲ್ಲೆಯ ಊತ್ತಂಗರೆಯಲ್ಲಿ ಡಿಸೆಂಬರ್ 2ರ ಬೆಳಗಿನೊಳಗೆ, ಒಂದೇ ದಿನದಲ್ಲಿ ಸುಮಾರು 50 ಸೆಂಟಿಮೀಟರ್ ಮಳೆ ಸುರಿಸಿತು. ಕೆರೆ ಉಕ್ಕಿ, ರಸ್ತೆಬದಿಯ ವಾಹನಗಳು ಕೊಚ್ಚಿಹೋದವು.

ತುಂಬಿದ ಕೆರೆಯ ನೀರು ಕೋಡಿಯಿಂದ ಹೊರಬಿದ್ದು ಹಳ್ಳ ಹಿಡಿಯುತ್ತದೆ. ಮಳೆಯಿಲ್ಲದ ವರ್ಷಗಳಲ್ಲಿ ಆ ಹಳ್ಳ ಬರಿಯ ಒಣನೆಲ, ಸೈಟೆಂದು ಮಾರಲೂಬಹುದು! ಆದುದರಿಂದ ಪೋಷಕರೇ, ಆಲಸನತ್ತಂನಲ್ಲಾಗಲಿ ಹೊಸೂರಿನಲ್ಲಾಗಲಿ, ಮನೆ ಕಟ್ಟುವ ಮುನ್ನ ಕೋಡಿ ನೀರಿನ ದಾರಿಯನ್ನು ಊರ ಹಿರಿಯರಲ್ಲಿ ವಿಚಾರಿಸಿರಿ.

ಮಕ್ಕಳೇ, ನೀರು ಒಳಬರುವ ಮುನ್ನವೇ ಹಿರಿಯರಿಂದ ಮೈನ್ ಸ್ವಿಚ್ ಆರಿಸಿಸಿರಿ. ರೇಷನ್ ಕಾರ್ಡು, ಪಟ್ಟಾಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಅಟ್ಟಕ್ಕೇರಿಸಿರಿ. ರಭಸದ ನೀರು ಮೊಣಕಾಲುದ್ದವಿದ್ದರೂ ದೊಡ್ಡವರನ್ನೇ ಕೆಡವಬಲ್ಲದು. ದಾಟಬೇಡಿರಿ, ಎತ್ತರದಲ್ಲಿ ನಿಂತು ಕಾಯಿರಿ.