ಧರ್ಮಾಧ್ಯಯನದ ಪದವಿ: ಬಡವನ ಕೈಗೆಟಕುವ ದಾರಿ



ಗಡಿಭಾಗದ ಸದ್ಭಕ್ತರ ಮನೆಗಳಲ್ಲಿ ಹನ್ನೆರಡನೆಯ ತರಗತಿ ಮುಗಿಸಿದ ಕೆಲವು ಮಕ್ಕಳು, 'ನಾವು ಧರ್ಮವನ್ನೇ ಓದುತ್ತೇವೆ, ವಚನಗಳ ಮೇಲೆ ಪದವಿ ಮಾಡುತ್ತೇವೆ' ಎನ್ನುತ್ತಿದ್ದಾರೆ. ಕೇಳಿ ಸಂತೋಷಪಡಬೇಕಾದ ಮಾತು. ಆದರೆ ತೊಗರಿ, ಜೋಳದ ಮೇಲೆ ಸಂಸಾರ ನಡೆಸುವ ತಂದೆಗೆ ಸಂತೋಷದ ಜೊತೆಗೆ ಚಿಂತೆಯೂ ಬರುತ್ತದೆ. ಈ ಓದು ಎಲ್ಲಿ ಸಿಗುತ್ತದೆ, ಎಷ್ಟು ತಗಲುತ್ತದೆ, ಮುಂದೆ ಅನ್ನಕ್ಕೆ ದಾರಿಯಾದೀತೇ ಎಂದು ಅವರು ಕೇಳುವುದು ನ್ಯಾಯವಾಗಿಯೇ ಇದೆ. ಆ ಪ್ರಶ್ನೆಗಳಿಗೆ ನಮಗೆ ತಿಳಿದಷ್ಟು ಉತ್ತರವನ್ನು ಈ ಸಲದ ಪಾಠದಲ್ಲಿ ಬರೆಯುತ್ತಿದ್ದೇವೆ.

ಧರ್ಮದಲ್ಲಿ ನಡೆಯುವುದಕ್ಕೆ ಪದವಿ ಬೇಕಿಲ್ಲ. ಅನುಭವ ಮಂಟಪದಲ್ಲಿ ಯಾರಿಗೂ ಪ್ರಮಾಣಪತ್ರ ಕೊಟ್ಟಿರಲಿಲ್ಲ. ವಚನಗಳನ್ನು ತಾಳೆಗರಿಯಿಂದ ಅಚ್ಚಿಗೆ ತಂದ ಫ.ಗು. ಹಳಕಟ್ಟಿಯವರು ವೃತ್ತಿಯಿಂದ ವಿಜಯಪುರದ ವಕೀಲರು. 'ವಚನಶಾಸ್ತ್ರ ಸಾರ'ವನ್ನು 1923ರಲ್ಲಿ ಹೊರತಂದಾಗ ಅವರ ಕೈಯಲ್ಲಿದ್ದುದು ಕಾನೂನಿನ ಪದವಿಯೇ ಹೊರತು ಧರ್ಮದ್ದಲ್ಲ. ಆದರೆ ಕಾಲೇಜಿನಲ್ಲಿ ಪಾಠ ಹೇಳಬೇಕು, ಹಸ್ತಪ್ರತಿಗಳ ಸಂಶೋಧನೆ ಮಾಡಬೇಕು, ಪಿಎಚ್.ಡಿ. ಪಡೆಯಬೇಕು ಎನ್ನುವವರಿಗೆ ಇಂದು ಪದವಿ ಬೇಕೇ ಬೇಕು. ಅಂಥ ಮಕ್ಕಳಿಗಾಗಿಯೇ ಈ ಬರಹ.

ಮೊದಲ ತೊಡಕು ಹೆಸರಿನದು. 'ಧರ್ಮಾಧ್ಯಯನ' ಎಂಬ ಫಲಕ ಹಾಕಿಕೊಂಡ ವಿಭಾಗಗಳು ನಮ್ಮ ದೇಶದಲ್ಲಿ ಕಡಿಮೆ. ಪಟಿಯಾಲದ ಪಂಜಾಬಿ ವಿಶ್ವವಿದ್ಯಾಲಯದಲ್ಲಿ 1967ರಷ್ಟು ಹಿಂದೆಯೇ ಅಂಥ ಒಂದು ವಿಭಾಗ ಬೆಳೆಯಿತು. ಮದ್ರಾಸು ವಿಶ್ವವಿದ್ಯಾಲಯ ಶೈವ ಸಿದ್ಧಾಂತ, ವೈಷ್ಣವ, ಜೈನ, ಕ್ರೈಸ್ತ ಅಧ್ಯಯನಗಳಿಗೆ ಬೇರೆ ಬೇರೆ ವಿಭಾಗಗಳನ್ನು ಕಟ್ಟಿತು. ಮೈಸೂರಿನಲ್ಲಿ ಜೈನಶಾಸ್ತ್ರ ಮತ್ತು ಪ್ರಾಕೃತದ ವಿಭಾಗವಿದೆ. ನಮ್ಮ ಶರಣಧರ್ಮದ ಓದು ಮಾತ್ರ ಬೇರೆ ಬಾಗಿಲಿನಿಂದ ಒಳಗೆ ಬಂದಿದೆ. ವಚನಗಳು ವಿಶ್ವವಿದ್ಯಾಲಯವನ್ನು ಸೇರಿದ್ದು ಕನ್ನಡ ಸಾಹಿತ್ಯವಾಗಿ. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ವಚನಗಳ ಶಾಸ್ತ್ರೀಯ ಸಂಪಾದನೆಗೆ ದುಡಿದ ಆರ್.ಸಿ. ಹಿರೇಮಠರು ಕನ್ನಡದ ಪ್ರಾಧ್ಯಾಪಕರು. 1993ರಲ್ಲಿ ರಾಜ್ಯ ಸರ್ಕಾರ 15 ಸಂಪುಟಗಳಲ್ಲಿ ಹೊರತಂದ ಸಮಗ್ರ ವಚನ ಸಾಹಿತ್ಯದ ಪ್ರಧಾನ ಸಂಪಾದಕರಾದ ಎಂ.ಎಂ. ಕಲಬುರ್ಗಿಯವರೂ ಕನ್ನಡದ ಪ್ರಾಧ್ಯಾಪಕರೇ. ಹೀಗಾಗಿ ಧರ್ಮ ಎಂಬ ಫಲಕವನ್ನು ಹುಡುಕುತ್ತ ಊರೂರು ಅಲೆಯುವ ಹುಡುಗ ತಪ್ಪು ಅಂಗಡಿಯ ಮುಂದೆ ನಿಂತಿರುತ್ತಾನೆ. ಅವನಿಗೆ ಬೇಕಾದ ಸರಕು ಇರುವುದು ಕನ್ನಡ ವಿಭಾಗದಲ್ಲಿ. ಆಮೇಲೆ ತತ್ತ್ವಶಾಸ್ತ್ರ, ಸಂಸ್ಕೃತ, ಇತಿಹಾಸ ವಿಭಾಗಗಳಲ್ಲಿ.

ಇದರಿಂದ ಖರ್ಚಿನ ಲೆಕ್ಕವೇ ಬದಲಾಗುತ್ತದೆ. ಕನ್ನಡ ಬಿ.ಎ. ಓದಲು ದೂರದ ಪಟ್ಟಣಕ್ಕೆ ಹೋಗಬೇಕಾಗಿಲ್ಲ.

ಎರಡನೆಯ ಮಾತಿನ ಮೇಲೆ ಸ್ವಲ್ಪ ಹೆಚ್ಚು ಹೊತ್ತು ನಿಲ್ಲಬೇಕಾಗಿದೆ, ಏಕೆಂದರೆ ಹಣ ಕಳೆದುಹೋಗುವುದು ಇಲ್ಲಿಯೇ. ಬಿತ್ತನೆ ಬೀಜದ ಚೀಲ ಕೊಳ್ಳುವಾಗ ನಾವು ಚೀಲದ ಬಣ್ಣ ನೋಡುವುದಿಲ್ಲ, ಚೀಟಿ ನೋಡುತ್ತೇವೆ. ಪದವಿಗೂ ಅಂಥ ಚೀಟಿ ಇದೆ. 1956ರ ವಿಶ್ವವಿದ್ಯಾಲಯ ಅನುದಾನ ಆಯೋಗದ ಕಾಯಿದೆಯ 22ನೆಯ ಕಲಮಿನ ಪ್ರಕಾರ ಕೇಂದ್ರದ ಅಥವಾ ರಾಜ್ಯದ ಕಾಯಿದೆಯಿಂದ ಹುಟ್ಟಿದ ವಿಶ್ವವಿದ್ಯಾಲಯ, ಡೀಮ್ಡ್ ವಿಶ್ವವಿದ್ಯಾಲಯ ಮತ್ತು ಸಂಸತ್ತು ವಿಶೇಷವಾಗಿ ಅಧಿಕಾರ ಕೊಟ್ಟ ಸಂಸ್ಥೆ, ಇವುಗಳ ಹೊರತು ಬೇರೆ ಯಾರೂ ಪದವಿ ಕೊಡುವಂತಿಲ್ಲ. ಮಠಗಳು, ಸಮಿತಿಗಳು, ಟ್ರಸ್ಟುಗಳು ಕೊಡುವುದು ಪ್ರಮಾಣಪತ್ರ. ಅದರಲ್ಲಿ ಜ್ಞಾನವಿರಬಹುದು, ಗೌರವವಿರಬಹುದು. ನೌಕರಿಯ ಅರ್ಜಿಯ 'ಪದವಿ' ಎಂಬ ಅಂಕಣದಲ್ಲಿ ಅದನ್ನು ಬರೆಯಲು ಬಾರದು. ನಮ್ಮ ಮಠದ ಶಿಬಿರದ ಪತ್ರಕ್ಕೂ ಈ ಮಾತು ಅನ್ವಯಿಸುತ್ತದೆ. ಡಿಪ್ಲೊಮಾ ಕೂಡ ಪದವಿಯಲ್ಲ. ಪದವಿಯ ಜೊತೆಗೆ ಮಾಡಿಕೊಂಡರೆ ಒಳ್ಳೆಯದು. ಆಯೋಗವು ನಕಲಿ ವಿಶ್ವವಿದ್ಯಾಲಯಗಳ ಪಟ್ಟಿಯನ್ನು ಆಗಾಗ ಪ್ರಕಟಿಸುತ್ತದೆ. 'ವರ್ಷದಲ್ಲಿ ಬಿ.ಎ., ಪರೀಕ್ಷೆ ಮನೆಯಲ್ಲೇ' ಎಂದು ಯಾರಾದರೂ ಹೇಳಿದರೆ ಕೈಚೀಲ ಬಿಚ್ಚುವ ಮೊದಲು ಆ ಪಟ್ಟಿ ನೋಡಿ.

ದೂರಶಿಕ್ಷಣಕ್ಕೆ ಇನ್ನೊಂದು ಚೀಟಿ ಬೇಕು. ಗಡಿಯವರಾದ ನಮಗೆ ಇದು ಮುಖ್ಯ. ವಿಶ್ವವಿದ್ಯಾಲಯ ನಿಜವಾದದ್ದೇ ಆಗಿದ್ದರೂ, ಆ ಕೋರ್ಸನ್ನು ಆ ವರ್ಷ ದೂರಶಿಕ್ಷಣದಲ್ಲಿ ನಡೆಸಲು ಆಯೋಗದ ದೂರಶಿಕ್ಷಣ ಬ್ಯೂರೋದ ಒಪ್ಪಿಗೆ ಇರಬೇಕು. ರಾಜ್ಯ ವಿಶ್ವವಿದ್ಯಾಲಯ ತನ್ನ ರಾಜ್ಯದ ಎಲ್ಲೆಯ ಹೊರಗೆ ಅಧ್ಯಯನ ಕೇಂದ್ರ ತೆರೆಯುವಂತಿಲ್ಲ. 1996ರಲ್ಲಿ ಸ್ಥಾಪನೆಯಾದ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯಕ್ಕೆ ಇಂಥ ಎಲ್ಲೆಯ ಪ್ರಶ್ನೆಯಿಂದಲೇ 2015ರಲ್ಲಿ ಆಯೋಗದ ಮಾನ್ಯತೆ ತಪ್ಪಿತು. 2018ರಲ್ಲಿ ಮರಳಿ ಸಿಕ್ಕಿತು. ನಡುವಿನ ವರ್ಷಗಳಲ್ಲಿ ಸಾವಿರಾರು ವಿದ್ಯಾರ್ಥಿಗಳು ಅನುಭವಿಸಿದ ಆತಂಕ ದೊಡ್ಡದು. ಈಗ ಅಲ್ಲಿ ಕನ್ನಡದಲ್ಲಿ ಓದಬಹುದು, ಆದರೆ ಕೇಂದ್ರ ಕರ್ನಾಟಕದ ಒಳಗಿನದಾಗಿರಬೇಕು. ಸೋಲಾಪುರದ ಅಥವಾ ಆದೋನಿಯ ಯಾವುದೋ ಅಂಗಡಿ ಮಾಳಿಗೆಯಲ್ಲಿ 'ನಮ್ಮದೇ ಶಾಖೆ' ಎಂದರೆ ನಂಬಬೇಡಿ.

ಕೇಂದ್ರ ಸರ್ಕಾರದ ಇಂದಿರಾ ಗಾಂಧಿ ಮುಕ್ತ ವಿಶ್ವವಿದ್ಯಾಲಯಕ್ಕೆ (1985) ಈ ಎಲ್ಲೆಯ ಕಟ್ಟು ಇಲ್ಲ. ಜನವರಿ, ಜುಲೈ ಎಂದು ವರ್ಷಕ್ಕೆ ಎರಡು ಸಲ ಪ್ರವೇಶವಿದೆ. ಮೂರು ವರ್ಷದ ಬಿ.ಎ.ಯನ್ನು ಆರು ವರ್ಷದವರೆಗೆ ಎಳೆದು ಮುಗಿಸಬಹುದು. ಸುಗ್ಗಿಯಲ್ಲಿ ಹೊಲ ಬಿಡಲಾಗದ, ಸಂತೆಯ ದಿನ ಅಂಗಡಿ ಮುಚ್ಚಲಾಗದ ಮಕ್ಕಳಿಗೆ ಇದು ದೊಡ್ಡ ಅನುಕೂಲ. ಎಂ.ಎ. ತತ್ತ್ವಶಾಸ್ತ್ರವೂ ಅಲ್ಲಿದೆ, ಆದರೆ ಹಿಂದಿ ಅಥವಾ ಇಂಗ್ಲಿಷಿನಲ್ಲಿ. ಅದರ ಪಾಠಗಳು 'ಇ-ಜ್ಞಾನಕೋಶ'ದಲ್ಲಿ ಉಚಿತವಾಗಿ ಸಿಗುತ್ತವೆ. ಸೇರುವ ಮೊದಲೇ ನಾಲ್ಕು ಪಾಠ ಓದಿ ನೋಡಿದರೆ ಮಗುವಿಗೆ ಹಿಡಿಸುತ್ತದೆಯೋ ಇಲ್ಲವೋ ತಿಳಿಯುತ್ತದೆ. ಮಾನ್ಯತೆಯುಳ್ಳ ದೂರಶಿಕ್ಷಣದ ಪದವಿಯನ್ನು ಕಾಲೇಜಿನ ಪದವಿಗೆ ಸಮಾನವೆಂದು ಆಯೋಗ 2022ರಲ್ಲಿ ಸ್ಪಷ್ಟಪಡಿಸಿದೆ. ದೂರಶಿಕ್ಷಣಕ್ಕೆ ಸೇರುವವರು ಬ್ಯೂರೋದ ಗುರುತಿನ ಸಂಖ್ಯೆಯನ್ನು ಪಡೆಯಬೇಕೆಂಬ ನಿಯಮ 2024ರಿಂದ ಬಂದಿದೆ.

ಹಾಗಾದರೆ ದೂರಶಿಕ್ಷಣವೇ ಅಗ್ಗವೇ? ಎಲ್ಲರಿಗೂ ಅಲ್ಲ. ಹನ್ನೆರಡನೆಯ ತರಗತಿಯಲ್ಲಿ ತಮ್ಮ ಬೋರ್ಡಿನ ಮೇಲಿನ ಶೇಕಡಾ 20ರೊಳಗೆ ಬಂದು, ಮನೆಯ ವಾರ್ಷಿಕ ಆದಾಯ ನಾಲ್ಕೂವರೆ ಲಕ್ಷದೊಳಗಿದ್ದ ಮಕ್ಕಳು ಕೇಂದ್ರದ ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕಬಹುದು. ಆಯ್ಕೆಯಾದರೆ ಪದವಿಗೆ ವರ್ಷಕ್ಕೆ 12,000 ರೂಪಾಯಿ, ಸ್ನಾತಕೋತ್ತರಕ್ಕೆ 20,000 ರೂಪಾಯಿ. ಆದರೆ ದಿನವೂ ಕಾಲೇಜಿಗೆ ಹೋಗುವವರಿಗೆ ಮಾತ್ರ, ದೂರಶಿಕ್ಷಣದವರಿಗೆ ಇಲ್ಲ. ಚೆನ್ನಾಗಿ ಓದುವ ಮಗು ಮನೆಯಿಂದಲೇ ಬಸ್ಸಿನಲ್ಲಿ ಹೋಗಿ ಬರುವ ಅನುದಾನಿತ ಕಾಲೇಜಿಗೆ ಸೇರಿದರೆ ಈ ಹಣದಿಂದ ಶುಲ್ಕದ ದೊಡ್ಡ ಪಾಲು ತೀರಬಹುದು. ಶುಲ್ಕಕ್ಕಿಂತ ಕೋಣೆ, ಊಟವೇ ಭಾರ ಎಂಬುದು ಮಕ್ಕಳನ್ನು ಪಟ್ಟಣದಲ್ಲಿ ಓದಿಸಿದವರಿಗೆಲ್ಲ ಗೊತ್ತು. ಎಂ.ಎ.ಗೆ ಹೊರಗೆ ಹೋಗಲೇಬೇಕಾದಾಗ ಧಾರವಾಡದ ಮುರುಘಾಮಠದಂಥ ಕಡೆ ಪ್ರಸಾದ ನಿಲಯಗಳಿವೆ. ನಮ್ಮ ಹಿರಿಯರ ದಾಸೋಹದ ಫಲ ಅದು. ಕಾಲೇಜಿಗೆ ಅರ್ಜಿ ಹಾಕುವ ದಿನವೇ ಅಲ್ಲಿಗೂ ಹಾಕಬೇಕು.

ಜತ್ತದ ಹೆಣ್ಣುಮಕ್ಕಳಿಗೆ ವಿಜಯಪುರದ ಅಕ್ಕಮಹಾದೇವಿ ಮಹಿಳಾ ವಿಶ್ವವಿದ್ಯಾಲಯ (2003), ಅಕ್ಕಲಕೋಟೆಯವರಿಗೆ ಕಲಬುರಗಿ, ರಾಯದುರ್ಗದವರಿಗೆ ಬಳ್ಳಾರಿ ಹತ್ತಿರ. ಕಾಸರಗೋಡಿನ ಸರ್ಕಾರಿ ಕಾಲೇಜಿನಲ್ಲಿಯೇ ಕನ್ನಡ ಎಂ.ಎ. ಇದೆ. ಮುಂಬಯಿ ವಿಶ್ವವಿದ್ಯಾಲಯದಲ್ಲೂ ಕನ್ನಡ ವಿಭಾಗವಿದೆ.

ಗಡಿ ದಾಟುವವರು ಒಂದು ವಿಷಯ ನೆನಪಿಡಬೇಕು. ಒಂದು ರಾಜ್ಯದ ಜಾತಿ ಪ್ರಮಾಣಪತ್ರದ ಮೀಸಲಾತಿ ಇನ್ನೊಂದು ರಾಜ್ಯದಲ್ಲಿ ನಡೆಯುವುದಿಲ್ಲ. ಬೀಗರು ಧಾರವಾಡದಲ್ಲಿ 3ಬಿ ವರ್ಗದಲ್ಲಿದ್ದಾರೆಂದು ಆದೋನಿಯವರಿಗೆ ಅದು ಸಿಗದು. 'ಗಡಿನಾಡು ಕನ್ನಡಿಗ' ಎಂಬ ಅವಕಾಶ ಸಿಇಟಿಯ ವೃತ್ತಿ ಕೋರ್ಸುಗಳ ಅರ್ಹತೆಯ ಮಾತು, ಎಂ.ಎ. ಪ್ರವೇಶಕ್ಕೆ ಆಯಾ ವಿಶ್ವವಿದ್ಯಾಲಯದ ನಿಯಮ ಬೇರೆ, ಹೊರರಾಜ್ಯದವರ ಶುಲ್ಕವೂ ಬೇರೆಯಿರಬಹುದು. ಬರವಣಿಗೆಯಲ್ಲಿ ಕೇಳಿ ತಿಳಿದುಕೊಳ್ಳಿ.

ಅನ್ನದ ಪ್ರಶ್ನೆ ಉಳಿಯಿತು. ಕಾಲೇಜು ಅಧ್ಯಾಪಕನಾಗಬೇಕಾದರೆ ಎಂ.ಎ.ಯಲ್ಲಿ ಶೇಕಡಾ 55 ಅಂಕ (ಮೀಸಲು ವರ್ಗಗಳಿಗೆ 50) ಪಡೆದು ರಾಷ್ಟ್ರೀಯ ಅರ್ಹತಾ ಪರೀಕ್ಷೆಗೆ ಕೂಡುವುದು ರೂಢಿಯ ದಾರಿ. ಅದರಲ್ಲಿ ಕನ್ನಡವೂ ಇದೆ, ತತ್ತ್ವಶಾಸ್ತ್ರವೂ ಇದೆ, 'ಧರ್ಮಗಳ ತೌಲನಿಕ ಅಧ್ಯಯನ'ವೂ ಇದೆ. ಹುದ್ದೆಗಳು ಹೆಚ್ಚಿರುವುದು ಕನ್ನಡಕ್ಕೆ; ಮೂರನೆಯದಕ್ಕೆ ತೀರ ವಿರಳ. ಇದನ್ನು ಮಕ್ಕಳಿಗೆ ಮೊದಲೇ ಹೇಳಿಬಿಡುವುದು ಲೇಸು.

ಇನ್ನು ಈ ಜೂನ್ ತಿಂಗಳೊಳಗೆ ಆಗಬೇಕಾದ ಕೆಲಸ. ಮರಾಠಿ, ತೆಲುಗು ಮಾಧ್ಯಮದಲ್ಲಿ ಓದಿದ ಮಕ್ಕಳು ಬಿ.ಎ. ಅರ್ಜಿ ತುಂಬುವಾಗ ಕನ್ನಡವನ್ನು ಬಿಟ್ಟುಬಿಡುತ್ತಾರೆ. ಮೂರು ವರ್ಷದ ಮೇಲೆ ಕನ್ನಡ ಎಂ.ಎ.ಗೆ ಬಂದಾಗ, ಬಿ.ಎ.ಯಲ್ಲಿ ಕನ್ನಡ ಓದಿರಬೇಕೆಂದು ವಿಶ್ವವಿದ್ಯಾಲಯ ಕೇಳಿದರೆ ಬಾಗಿಲು ಮುಚ್ಚಿದಂತೆಯೇ. ಆದ್ದರಿಂದ ವಿಷಯ ಆರಿಸುವ ದಿನ ತಂದೆತಾಯಿಗಳು ಜೊತೆಗೆ ಹೋಗಿ ಅರ್ಜಿಯಲ್ಲಿ ಕನ್ನಡವನ್ನು ಬರೆಯಿಸಿ. ಮಹಾರಾಷ್ಟ್ರ, ಆಂಧ್ರದ ಬೋರ್ಡಿನಿಂದ ಕರ್ನಾಟಕಕ್ಕೆ ಬರುವವರು ವಲಸೆ ಪ್ರಮಾಣಪತ್ರವನ್ನು ಈಗಲೇ ತೆಗೆದಿಟ್ಟುಕೊಳ್ಳಿ, ಮೂಲಪ್ರತಿಗಳನ್ನು ಯಾವ ದಲ್ಲಾಳಿಯ ಕೈಗೂ ಕೊಡಬೇಡಿ.